ಪಿಕಪ್ ಟೀಮ್‌ಗೆ ರೂಟ್ ಸಾಫ್ಟ್‌ವೇರ್ ತಗೊಳ್ಳೋ ಮುಂಚೆ ಹೀಗೆ ಟೆಸ್ಟ್ ಮಾಡಿ

ಗಾಡಿ ಪಿಕಪ್ ಡಿಸ್ಪ್ಯಾಚ್‌ಗೆ, ಅಂದ್ರೆ ಕಸ್ಟಮರ್ ಹತ್ರ ಇರೋ ಗಾಡಿನ ಹೇರ್ಕೊಂಡು ಬರೋಕೆ ಯಾವ ಟ್ರಕ್ ಎಲ್ಲಿಗೆ ಕಳಿಸ್ಬೇಕು ಅಂತ ನೋಡ್ಕೊಳ್ಳೋ ಕೆಲಸಕ್ಕೆ, ರೂಟ್ ಪ್ಲಾನಿಂಗ್ ಸಾಫ್ಟ್‌ವೇರ್ ನೋಡ್ತಿರೋರು ಬರೀ ಡೆಮೋ ನೋಡಿ ಒಪ್ಕೋಬೇಡಿ, ಅದ್ರಲ್ಲಿ ಅಡ್ರೆಸ್ ಎಲ್ಲಾ ನೀಟಾಗಿರುತ್ತೆ, ಯಾರೂ ಕ್ಯಾನ್ಸಲ್ ಮಾಡಲ್ಲ. ನಿಮ್ದೇ ಹಳೇ ಒಂದು ವಾರದ ಪಿಕಪ್ ಲಿಸ್ಟ್ ಹಾಕಿ, ಡ್ರೈವರ್‌ಗಳು ನಿಜವಾಗ್ಲೂ ಹೋಗಿದ್ದ ದಾರಿ ಜೊತೆ ಹೋಲಿಸಿ ನೋಡಿ.

10 ಸ್ಟಾಪ್ ಇದ್ರೇನೇ ಅವನ್ನ 36,28,800 ಥರ ಜೋಡಿಸ್ಬಹುದು, ಕೈಯಲ್ಲಿ ಆಗೋ ಕೆಲಸ ಅಲ್ಲ ಬಿಡಿ. ಆದ್ರೆ ಬೆಳಗ್ಗೆ ಪ್ಲಾನ್ ಹಾಕ್ಕೊಡೋದು ದೊಡ್ಡ ವಿಷಯ ಅಲ್ಲ, ಮಧ್ಯಾಹ್ನ ಒಂದು ಅರ್ಜೆಂಟ್ ಕೆಲಸ ಬಂದಾಗ ಯಾವ ಟ್ರಕ್ಕಲ್ಲಿ ಜಾಗ ಇದೆ ಅಂತ ನೋಡ್ಕೊಂಡು, ಬೇರೆ ಕಸ್ಟಮರ್‌ಗೆ ಕೊಟ್ಟಿರೋ ಟೈಮ್ ತಪ್ಪದ ಹಾಗೆ ಅದನ್ನ ಸೇರ್ಸುತ್ತಾ ಅಥವಾ ಇಡೀ ದಿನದ ರೂಟ್‌ನೇ ತಲೆಕೆಳಗೆ ಮಾಡುತ್ತಾ ಅನ್ನೋದೇ ಮುಖ್ಯ, ಇದನ್ನ ನಿಮ್ಮ ಕಣ್ಣೆದುರೇ ಮಾಡ್ಸಿ.

ಲೋಡಿಂಗ್ ಟೈಮ್ ಕೂಡ ನೋಡಿ. ಓಡೋ ಕಾರನ್ನ ಹತ್ಸೋದಕ್ಕೂ ಚಕ್ರ ಜಾಮ್ ಆಗಿರೋದನ್ನ ಎಳೆದು ಹಾಕೋದಕ್ಕೂ ಒಂದೇ ಟೈಮ್ ಲೆಕ್ಕ ಹಾಕಿದ್ರೆ ಸಂಜೆ ಹೊತ್ತಿಗೆ ಎಲ್ಲಾ ಲೇಟ್. ಟ್ರಕ್ ಎತ್ತರ, ತೂಕ ಹಾಕೋಕೆ ಆಗ್ಲೇಬೇಕು, ಇಲ್ಲಾಂದ್ರೆ ಕಾರ್ ಹೋಗೋ ಅಂಡರ್‌ಪಾಸ್‌ಗೆ ಟ್ರಕ್ ಕಳಿಸುತ್ತೆ. ನೆಟ್‌ವರ್ಕ್ ಹೋದಾಗ ಡ್ರೈವರ್ ಆಪ್ ಕೆಲಸ ಮಾಡುತ್ತಾ ಅಂತ ಡ್ರೈವರ್ ಕೈಲೇ ಚೆಕ್ ಮಾಡ್ಸಿ, ದಿನಾ ಬಳಸೋರು ಅವ್ರೇ ಅಲ್ವಾ.