ಟಿಂಕರಿಂಗ್ ಕಲಿಯುವವರಿಗೆ: ಪುಟ್ಟಿ ಡಬ್ಬಿಯನ್ನು ಕಡೆಗೆ ತೆಗೆಯಿರಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಶೆಡ್ಡಿಗೆ ಇಬ್ಬರು ಮೂವರು ಅಪ್ಪಂದಿರು ಬಂದೇ ಬರುತ್ತಾರೆ. "ಅಣ್ಣಾ, ಇವನಿಗೆ ಓದು ತಲೆಗೆ ಹತ್ತಲ್ಲ. ನಿಮ್ಮ ಹತ್ರ ಇಟ್ಕೊಳ್ಳಿ, ಟಿಂಕರಿಂಗ್ ಆದ್ರೂ ಕಲೀಲಿ." ಆ 'ಆದ್ರೂ' ಕೇಳಿದಾಗೆಲ್ಲ ಮೈ ಉರಿಯುತ್ತದೆ. ಗುದ್ದಿದ ಕಾರು ಸರಿ ಮಾಡುವುದು ಈಗ ಓದು ಬಾರದವನ ಕೆಲಸವಲ್ಲ. ಅಳತೆ ಓದಬೇಕು, ಕಂಪನಿ ಮ್ಯಾನ್ಯುಯಲ್ ಓದಬೇಕು, ಇನ್ಶೂರೆನ್ಸ್ ಎಸ್ಟಿಮೇಟ್ ಬರೆಯಬೇಕು. ಸುತ್ತಿಗೆ ಆಮೇಲೆ.

ನಾನು 1994ರಲ್ಲಿ ಹಾಸನದ ಒಂದು ಗ್ಯಾರೇಜಿಗೆ ಸೇರಿದಾಗ ನನಗೆ 15 ವರ್ಷ. ಮೊದಲ ಆರು ತಿಂಗಳು ಕಸ ಗುಡಿಸಿದ್ದು, ಟೀ ತಂದದ್ದು, ವಾಟರ್ ಪೇಪರ್ ಹಿಡಿದು ಉಜ್ಜಿದ್ದು, ಅಷ್ಟೇ. ಉಸ್ತಾದ್ ಬಾಯಿ ಬಿಟ್ಟು ಹೇಳಿಕೊಡುತ್ತಿರಲಿಲ್ಲ, ನೋಡಿ ಕದಿಯಬೇಕಿತ್ತು. ಬರುತ್ತಿದ್ದದ್ದು ಅಂಬಾಸಿಡರ್, ಸಕಲೇಶಪುರದ ಕಡೆಯ ಎಸ್ಟೇಟ್ ಜೀಪು. ತಗಡು ದಪ್ಪ. ನಾಲ್ಕು ಪೆಟ್ಟು ತಪ್ಪಿ ಬಿದ್ದರೂ ಏನೂ ಆಗುತ್ತಿರಲಿಲ್ಲ. ಈಗಿನ ಕಾರಿನ ಡೋರ್ ತಗಡು ಮುಕ್ಕಾಲು ಮಿಲಿಮೀಟರ್ ಆಸುಪಾಸು ಇರುತ್ತದೆ. ತಪ್ಪು ಪೆಟ್ಟು ಒಂದೇ ಸಾಕು, ಡೋರ್ ಕೆಡುತ್ತದೆ.

ಸೇರುವ ಮೊದಲು ಒಂದು ಕೆಲಸ ಮಾಡಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣದ ಟೆಸ್ಟ್ ಮಾಡಿಸಿ. ಕೆಂಪು, ಹಸಿರು ಸರಿಯಾಗಿ ಗೊತ್ತಾಗದ ಹುಡುಗರು ಇರುತ್ತಾರೆ, ಅವರಿಗೇ ಅದು ತಿಳಿದಿರುವುದಿಲ್ಲ. ಹಾಗಿದ್ದರೆ ಪೇಂಟ್ ಬೇಡ, ತಗಡಿನ ಕಡೆ ಹೋಗಿ. ಇವೆರಡೂ ಬೇರೆ ಬೇರೆ ಕಸುಬು. ಎರಡನ್ನೂ ಒಟ್ಟಿಗೆ ಕಲಿಯುತ್ತೇನೆ ಅಂದವರು ಎರಡರಲ್ಲೂ ಅರೆಬರೆ ಆದದ್ದೇ ಜಾಸ್ತಿ.

ಐಟಿಐನಲ್ಲೂ ಇವು ಎರಡು ಟ್ರೇಡ್: 'ಮೆಕ್ಯಾನಿಕ್ ಆಟೋ ಬಾಡಿ ರಿಪೇರ್' ಮತ್ತು 'ಮೆಕ್ಯಾನಿಕ್ ಆಟೋ ಬಾಡಿ ಪೇಂಟಿಂಗ್'. ಎರಡಕ್ಕೂ ಒಂದೊಂದು ವರ್ಷ. ಹತ್ತನೇ ಕ್ಲಾಸ್ ಪಾಸಾಗಿದ್ದರೆ ಚಿಂತೆಯಿಲ್ಲ. ಆದರೆ ಎಲ್ಲಾ ಐಟಿಐಗಳಲ್ಲಿ ಈ ಟ್ರೇಡ್ ಇಲ್ಲ. ನಿಮ್ಮ ಜಿಲ್ಲೆಯಲ್ಲಿ ಸಿಗದಿದ್ದರೆ ಶೀಟ್ ಮೆಟಲ್ ವರ್ಕರ್ ಅಥವಾ ವೆಲ್ಡರ್ ಟ್ರೇಡ್ ಹಿಡಿಯಿರಿ, ಅವೂ ಒಂದು ವರ್ಷದವೇ. ಆಮೇಲೆ ಬಾಡಿ ಶಾಪ್ ಇರುವ ಸರ್ವಿಸ್ ಸೆಂಟರಿನಲ್ಲಿ ಅಪ್ರೆಂಟಿಸ್ ಆಗಿ. ಸುಮ್ನೆ 'ಬಂದು ಕಲಿ' ಅಂದರೆ ಒಪ್ಪಬೇಡಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕರಾರು ರಿಜಿಸ್ಟರ್ ಆಗಬೇಕು, ಸ್ಟೈಪೆಂಡ್ ಕೊಡಬೇಕು. ಎಲ್ಲಾ ಮುಗಿದ ಮೇಲೆ ಪರೀಕ್ಷೆ ಇದೆ, ಸರ್ಟಿಫಿಕೇಟ್ ಇದೆ.

ಬಿಡದಿಯಲ್ಲಿ ಟೊಯೊಟಾದವರ ತರಬೇತಿ ಸಂಸ್ಥೆ 2007ರಿಂದ ಇದೆ. ಹಳ್ಳಿ ಮಕ್ಕಳು ಅಲ್ಲೇ ಉಳಿದುಕೊಂಡು ಮೂರು ವರ್ಷ ವೆಲ್ಡಿಂಗ್, ಪೇಂಟ್ ಎಲ್ಲಾ ಕಲಿಯುತ್ತಾರೆ. ಸೀಟು ಸಿಕ್ಕರೆ ಬಿಡಬೇಡಿ. ಆದರೆ ಅದು ಹೊಸ ಕಾರು ಕಟ್ಟುವ ಕಾರ್ಖಾನೆಯ ಕೆಲಸ. ಗುದ್ದಿದ ಕಾರಿನದು ಬೇರೆಯೇ ಲೆಕ್ಕ. ಇಲ್ಲಿ ಒಂದು ಗಾಡಿ ಗುದ್ದಿದ ಹಾಗೆ ಇನ್ನೊಂದು ಗುದ್ದಿರುವುದಿಲ್ಲ. ಒಮ್ಮೆ ನನ್ನ ಹತ್ತಿರ ಬಂದ ಕಾರಿನ ಬಾನೆಟ್ ಮೇಲೆ ಆನೆ ಕಾಲಿಟ್ಟಿತ್ತು. ಅದಕ್ಕೆ ಯಾವ ಪುಸ್ತಕದಲ್ಲೂ ಪಾಠವಿಲ್ಲ.

ಖಾಸಗಿ ಸಂಸ್ಥೆಗೆ ದುಡ್ಡು ಕಟ್ಟುವ ಮೊದಲು ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ತಗಡಿಗೆ ತಗಡನ್ನು ಬೊಟ್ಟು ಬೊಟ್ಟಾಗಿ ಬೆಸೆಯುವ ಸ್ಪಾಟ್ ವೆಲ್ಡಿಂಗ್ ಮೆಷಿನ್ ಇದೆಯಾ? ಬಾಡಿ ಅಳೆಯುವ ಗೇಜ್ ಇದೆಯಾ? ಪೇಂಟ್ ಬೂತ್ ಓಡುತ್ತದಾ, ಇಲ್ಲ ಒಳಗೆ ಕುರ್ಚಿ ಪೇರಿಸಿದ್ದಾರಾ? ಬಡಿದು ಬಡಿದು ಹಾಳಾದ ಡೋರುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಒಳ್ಳೆಯ ಲಕ್ಷಣ. ಎಲ್ಲಾ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿ ಹುಡುಗರ ಕೈ ತಾಗಿಲ್ಲ ಅಂತ ಅರ್ಥ.

ಸೇರಲು ಇನ್ನೂ ಸಮಯವಿದ್ದರೆ ಗುಜರಿಗೆ ಹೋಗಿ ಒಂದು ಹಳೆಯ ಡೋರ್ ತನ್ನಿ. ಜೊತೆಗೆ ಬಾಡಿ ಸುತ್ತಿಗೆ ಒಂದು, ಡಾಲಿ ಒಂದು. ಡಾಲಿ ಅಂದರೆ ತಗಡಿನ ಹಿಂದೆ ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ. ಡೋರಿನ ಒಳಗಿನ ಕವರ್ ಬಿಚ್ಚಿ, ಹೊರಗಿನಿಂದ ಒಂದು ಪೆಟ್ಟು ಹಾಕಿ ಡೆಂಟ್ ಮಾಡಿ. ಈಗ ಅದನ್ನು ತೆಗೆಯಬೇಕು.

ಹೊಸಬರು ಏನು ಮಾಡುತ್ತಾರೆ ಗೊತ್ತಾ? ಒಳಗಿನಿಂದ ತಗ್ಗಿನ ನಡುವಿಗೇ ಬಡಿಯುತ್ತಾರೆ. ಅದು ತಪ್ಪು. ಡೆಂಟ್ ಬೀಳುವಾಗ ನಡುವೆ ತಗ್ಗಾಗುತ್ತದೆ, ಸುತ್ತ ಬಳೆಯ ಹಾಗೆ ಒಂದು ಉಬ್ಬು ಏಳುತ್ತದೆ. ಆ ಉಬ್ಬೇ ತಗ್ಗನ್ನು ಹಿಡಿದುಕೊಂಡಿರುವುದು. ಕೊನೆಗೆ ಎದ್ದ ಉಬ್ಬನ್ನು ಮೊದಲು ಇಳಿಸಬೇಕು. ಡಾಲಿಯನ್ನು ಒಳಗಿನಿಂದ ತಗ್ಗಿಗೆ ಒತ್ತಿ ಹಿಡಿಯಿರಿ, ಸುತ್ತಿಗೆಯನ್ನು ಹೊರಗಿನಿಂದ ಪಕ್ಕದ ಉಬ್ಬಿನ ಮೇಲೆ ಹಗುರವಾಗಿ ಹಾಕಿ. ಉಬ್ಬಿನ ಹೊರ ಅಂಚಿನಿಂದ ತಗ್ಗಿನ ನಡುವಿನ ಕಡೆಗೆ ಸುತ್ತು ಹಾಕುತ್ತಾ ಬನ್ನಿ. ಸುತ್ತಿಗೆ ಬೀಳುವ ಜಾಗ ಬೇರೆ, ಡಾಲಿ ಒತ್ತಿರುವ ಜಾಗ ಬೇರೆ. ಎರಡೂ ನೇರಾನೇರ ಬಿದ್ದರೆ ತಗಡು ನಡುವೆ ಸಿಕ್ಕಿ ಹಿಗ್ಗುತ್ತದೆ. ಹಿಗ್ಗಿದ ತಗಡನ್ನು ಬೆರಳಲ್ಲಿ ಒತ್ತಿದರೆ ಡಬ್ ಅಂತ ಒಳಗೆ ಹೋಗುತ್ತದೆ, ಬಿಟ್ಟರೆ ಡಬ್ ಅಂತ ಆಚೆ ಬರುತ್ತದೆ. ಆ ಸದ್ದು ಕೇಳಿದರೆ ಉಸ್ತಾದ್ ತಲೆಗೆ ಒಂದು ಕೊಡುತ್ತಿದ್ದರು.

ಸಪಾಟಾಯಿತಾ ಅಂತ ಕಣ್ಣಿಂದ ನೋಡಬೇಡಿ. ತೆಳ್ಳಗಿನ ಬನಿಯನ್ ಬಟ್ಟೆಯನ್ನು ಅಂಗೈ ಕೆಳಗೆ ಇಟ್ಟುಕೊಂಡು ತಗಡಿನ ಮೇಲೆ ಉದ್ದಕ್ಕೆ ಸವರಿ. ಬರಿ ಕೈಗೆ ಗೊತ್ತಾಗದ ತಗ್ಗು ಬಟ್ಟೆ ಇದ್ದರೆ ಗೊತ್ತಾಗುತ್ತದೆ. ಯಾಕೆ ಅಂದರೆ ಬರಿ ಕೈ ತಗಡಿಗೆ ಅಂಟಿ ತಡೆಯುತ್ತದೆ, ಬಟ್ಟೆ ಜಾರುತ್ತದೆ. ಈ ಒಂದು ಡೋರಿನ ಮೇಲೆ ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳು ಕೂತರೆ ತರಗತಿಯಲ್ಲಿ ಬೇರೆಯವರಿಗಿಂತ ಮುಂದೆ ಇರುತ್ತೀರಿ.

ಇನ್ನು ಅಳತೆ. ಇದನ್ನು ನಾನು ಕಲಿತದ್ದು ಮಾನ ಹೋದ ಮೇಲೆ. 2006ರಲ್ಲಿ ಮುಂದೆ ಗುದ್ದಿದ ಒಂದು ಆಲ್ಟೊ ಬಂದಿತ್ತು. ಆಗ ನಾವು ಶೆಡ್ ಹಿಂದಿನ ತೆಂಗಿನ ಮರಕ್ಕೆ ಚೈನ್ ಕಟ್ಟಿ ಎಳೆಯುತ್ತಿದ್ದೆವು. ಎಳೆದೆ, ಬಾನೆಟ್ ಕೂತಿತು, ಹೆಡ್‌ಲೈಟ್ ಕೂತಿತು, ಪೇಂಟ್ ಹೊಳೆಯಿತು. ದುಡ್ಡೂ ಬಂತು. ಒಂದೂವರೆ ತಿಂಗಳಿಗೆ ಓನರ್ ವಾಪಸ್ ಬಂದರು. ಎಡಗಡೆ ಮುಂದಿನ ಟೈರ್ ಒಳಬದಿ ಸವೆದು ಬೋಳಾಗಿತ್ತು. ಅಲೈನ್‌ಮೆಂಟ್‌ನವನು ಕೈಯೆತ್ತಿದ್ದ. ಬಾನೆಟ್ ಕೆಳಗೆ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಟೇಪ್ ಹಿಡಿದೆ. ಎರಡೂ ಓರೆ ಅಳತೆ ಒಂದೇ ಬರಬೇಕು, ಅಲ್ವಾ? 11 ಮಿಲಿಮೀಟರ್ ವ್ಯತ್ಯಾಸ! ಸಾಮಾನ್ಯವಾಗಿ 3 ಮಿಲಿಮೀಟರ್ ದಾಟಿದರೇ ತಪ್ಪು. ಪೂರ್ತಿ ಬಿಚ್ಚಿ, ನನ್ನ ಕೈಯಿಂದ ದುಡ್ಡು ಹಾಕಿ ಮತ್ತೆ ಮಾಡಿಕೊಟ್ಟೆ. ಆಮೇಲೆ ಟ್ರ್ಯಾಮ್ ಗೇಜ್ ಕೊಂಡೆ. ಉದ್ದ ಕೋಲಿಗೆ ಎರಡು ಮುಳ್ಳು ಇರುತ್ತವೆ, ಅಷ್ಟೇ. ಎಳೆಯುವ ಮೊದಲು, ಎಳೆಯುತ್ತಾ, ಎಳೆದ ಮೇಲೆ, ಮೂರು ಸಲವೂ ಅಳತೆಯನ್ನು ಪುಸ್ತಕದಲ್ಲಿ ಬರೆಯಿರಿ.

ಜೀಪು, ಬೊಲೆರೊದಂಥ ಗಾಡಿಗೆ ಚಾಸಿಸ್ (ಕೆಳಗಿನ ಕಬ್ಬಿಣದ ಚೌಕಟ್ಟು) ಬೇರೆ, ಬಾಡಿ ಬೇರೆ. ಸಾಮಾನ್ಯ ಕಾರಿಗೆ ಬಾಡಿಯೇ ಚಾಸಿಸ್. ಹಾಗಾಗಿ ಸೊಟ್ಟ ಬಾಡಿ ಅಂದರೆ ಸೊಟ್ಟ ಗಾಡಿ. ಇನ್ನೊಂದು ಮಾತು. ಮುಂದಿನ ಮತ್ತು ಹಿಂದಿನ ಡೋರಿನ ನಡುವೆ ನಿಂತಿರುವ ಕಂಬ ಈಗ ಎಷ್ಟೋ ಕಾರುಗಳಲ್ಲಿ ತುಂಬಾ ಗಟ್ಟಿಯಾದ ಬೋರಾನ್ ಸ್ಟೀಲಿನದು. ಅದಕ್ಕೆ ಗ್ಯಾಸ್ ಹಿಡಿದು ಕೆಂಪಗೆ ಮಾಡಿ ನೆಟ್ಟಗೆ ಮಾಡಿದರೆ ಅದರ ಗಟ್ಟಿತನ ಹೋಯಿತು. ನೋಡಲು ಸರಿಯಿರುತ್ತದೆ, ಮುಂದಿನ ಸಲ ಪಕ್ಕದಿಂದ ಲಾರಿ ಗುದ್ದಿದಾಗ ಒಳಗಿದ್ದವರನ್ನು ಕಾಪಾಡುವುದಿಲ್ಲ. ಮ್ಯಾನ್ಯುಯಲ್ ಹೇಳಿದ ಜಾಗದಲ್ಲಿ ಕತ್ತರಿಸಿ ಹೊಸದು ಹಾಕಬೇಕು.

ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ವೈರ್ ಬಿಚ್ಚಿ. ಅದೇ ದಪ್ಪದ ಎರಡು ತುಂಡು ತಗಡಿಗೆ ಸ್ಪಾಟ್ ಹೊಡೆದು, ಇಕ್ಕಳದಲ್ಲಿ ಹಿಡಿದು ಸುಲಿದು ನೋಡಿ. ಒಂದು ತಗಡು ತೂತಾಗಿ, ಇನ್ನೊಂದರ ಮೇಲೆ ಬೊಟ್ಟು ಉಳಿದರೆ ವೆಲ್ಡ್ ಹಿಡಿದಿದೆ. ಎರಡೂ ನುಣ್ಣಗೆ ಬಿಟ್ಟುಕೊಂಡರೆ ಮೆಷಿನ್ ಸೆಟ್ಟಿಂಗ್ ಬದಲಿಸಿ. ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ವೈರುಗಳನ್ನು ಪ್ರತ್ಯೇಕ ತರಬೇತಿ ಆಗದೆ ಮುಟ್ಟಲೇಬೇಡಿ.

ಈಗ ಪುಟ್ಟಿ, ಅಂದರೆ ತಗಡು ಸಪಾಟಾದ ಮೇಲೆ ಉಳಿದ ಸಣ್ಣ ತಗ್ಗು ತುಂಬಲು ಮೆತ್ತುವ ಪೇಸ್ಟ್. ಒಂದೆರಡು ಮಿಲಿಮೀಟರ್ ದಪ್ಪ ಸಾಕು. 100 ಗ್ರಾಂ ಪುಟ್ಟಿಗೆ ಸುಮಾರು 2 ಗ್ರಾಂ ಹಾರ್ಡನರ್, ಅಂದರೆ ಅದನ್ನು ಗಟ್ಟಿ ಮಾಡುವ ಮದ್ದು. ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ ಅಂತ ಹುಡುಗರು ಎರಡರಷ್ಟು ಕಲಸುತ್ತಾರೆ. ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ಸ್ವಲ್ಪ ದಿನಕ್ಕೆ ಬಿಳಿ ಪೇಂಟ್ ಮೇಲೆ ಹಳದಿ ಕಲೆ ಏಳುತ್ತದೆ. ಪುಟ್ಟಿ ಉಜ್ಜಲು 80ನೇ ನಂಬರಿನ ಉಜ್ಜುವ ಪೇಪರಿನಿಂದ (ನಂಬರ್ ಏರಿದಷ್ಟೂ ಪೇಪರ್ ನುಣುಪು) ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿ. 80ರಿಂದ ಸೀದಾ 320ಕ್ಕೆ ಹಾರಿದರೆ ಗೀರು ಒಳಗೇ ಉಳಿದು, ಬಿಸಿಲಲ್ಲಿ ನಿಂತಾಗ ಕಾಣಿಸಿಕೊಳ್ಳುತ್ತದೆ.

ಪೇಂಟ್‌ಗೆ ಹೋಗುವವರಿಗೆ ಮಾಸ್ಕ್ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಹಾರ್ಡನರ್ ಬೆರೆಸಿ ಹೊಡೆಯುವ ಟೂ-ಕೆ ಪೇಂಟಿನ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನುವ, ಉಸಿರಾಟ ಕೆಡಿಸುವ ರಾಸಾಯನಿಕ ಇರುತ್ತದೆ. ಮೂಗಿಗೆ ಕರ್ಚೀಫ್ ಕಟ್ಟಿದರೆ ಅದು ನಿಲ್ಲುವುದಿಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ನನ್ನ ಜೊತೆ ಕಲಿತವನೊಬ್ಬ ಒಳ್ಳೆಯ ಪೇಂಟರ್. ನಲವತ್ತು ತುಂಬುವ ಮೊದಲೇ ಉಬ್ಬಸ ಹಿಡಿಯಿತು. ಈಗ ಪೇಂಟ್ ಡಬ್ಬಿ ತೆಗೆದ ಕೋಣೆಗೂ ಅವನು ಬರುವ ಹಾಗಿಲ್ಲ. ಯಾವ ಗ್ಯಾರೇಜು ಮಾಸ್ಕ್ ಕೊಡುವುದಿಲ್ಲವೋ ಅಲ್ಲಿ ಪೇಂಟ್ ಕಲಿಯಬೇಡಿ.

ಕಾಗದದ ಕೆಲಸ ಬೇಜಾರು ಅನ್ನಿಸುತ್ತದೆ, ಆದರೆ ಶೆಡ್ ಹಾಕುವ ಆಸೆ ಇದ್ದರೆ ಇದು ಬೇಕು. ಇನ್ಶೂರೆನ್ಸ್ ಕ್ಲೇಮಿನಲ್ಲಿ ಭಾಗ ಸವೆದ ಲೆಕ್ಕಕ್ಕೆ ದುಡ್ಡು ಕಡಿಯುತ್ತಾರೆ: ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಶೇಕಡ 50 ಕಡಿತ, ಗಾಜಿಗೆ ಕಡಿತವಿಲ್ಲ, ಐದು ವರ್ಷ ದಾಟಿ ಹತ್ತರೊಳಗಿನ ಗಾಡಿಯ ಲೋಹದ ಭಾಗಕ್ಕೆ ಶೇಕಡ 40. ಈ ಸವೆತದ ಕಡಿತ ಮಾಡದ ಜೀರೋ ಡೆಪ್ ಪಾಲಿಸಿ ಇದ್ದರೆ ಲೆಕ್ಕ ಬೇರೆ. ಇದನ್ನು ಓನರಿಗೆ ಬಿಚ್ಚುವ ಮೊದಲೇ ಹೇಳಿ. ಬಿಲ್ ಕೊಡುವಾಗ ಹೇಳಿದರೆ ಜಗಳ.

ತುಂಬಾ ಚುರುಕಿನ ಹುಡುಗ ಹುಡುಗಿಯರು ಕಸುಬಿನ ರಾಷ್ಟ್ರಮಟ್ಟದ ಸ್ಪರ್ಧೆಯಾದ ಇಂಡಿಯಾ ಸ್ಕಿಲ್ಸ್ ಕಡೆಗೂ ನೋಡಿ. ಆಟೋಬಾಡಿ ರಿಪೇರ್, ಕಾರ್ ಪೇಂಟಿಂಗ್ ಎರಡಕ್ಕೂ ಅಲ್ಲಿ ಸ್ಪರ್ಧೆ ಇದೆ. ಗೆದ್ದು ಆಯ್ಕೆಯಾದವರು ವರ್ಲ್ಡ್ ಸ್ಕಿಲ್ಸ್‌ಗೆ ಹೋಗುತ್ತಾರೆ. 2024ರಲ್ಲಿ ಅದು ಫ್ರಾನ್ಸಿನ ಲಿಯೋನ್‌ನಲ್ಲಿ ನಡೆಯಿತು.

ಗುಜರಿ ಡೋರ್ ಮಾಡಿ ಮುಗಿಸಿದವರು ಶೆಡ್ಡಿಗೆ ತಂದು ತೋರಿಸುತ್ತಾರೆ. ನನ್ನ ಜೇಬಿನಲ್ಲಿ ಫ್ರಿಜ್ ಬಾಗಿಲಿಗೆ ಅಂಟಿಸುವ ಪುಟ್ಟ ಮ್ಯಾಗ್ನೆಟ್ ಒಂದಿದೆ. ಡೋರಿನ ಮೇಲೆ ಇಟ್ಟು ಕೈ ಬಿಡುತ್ತೇನೆ. ಅಂಟಿಕೊಂಡರೆ ಸೋಮವಾರದಿಂದ ಬಾ ಅನ್ನುತ್ತೇನೆ. ಜಾರಿ ಕೆಳಗೆ ಬಿದ್ದರೆ ಎಷ್ಟು ಪುಟ್ಟಿ ಮೆತ್ತಿದ್ದೀಯಪ್ಪಾ ಅಂತ ಕೇಳುತ್ತೇನೆ.