ಕುಡಿತ ಬಿಡಬೇಕು ಅನ್ನಿಸಿದರೆ: ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ

ನಮ್ಮವರ ಮನೆಗಳಲ್ಲಿ ಗ್ಯಾರೇಜ್ ಅಂದರೆ ಬರೀ ಕಾರು ನಿಲ್ಲಿಸುವ ಜಾಗ ಅಲ್ಲ. ಯುಗಾದಿ ಊಟಕ್ಕೆ ಕರೆದರೂ ಒಳಗೆ ಒಬ್ಬಟ್ಟು, ಗ್ಯಾರೇಜ್‌ನಲ್ಲಿ ಬಾಟಲಿ. "ಒಂದೇ ಪೆಗ್ ಮಾರಾಯಾ" ಅನ್ನುವವರು ಒಳ್ಳೆಯವರೇ. ಅವರು ಒಂದಕ್ಕೇ ನಿಲ್ಲಿಸುತ್ತಿದ್ದರು, ನನಗೆ ಆಗುತ್ತಿರಲಿಲ್ಲ. ಮನೆಗೆ ಬಂದು ಒಬ್ಬನೇ ಮುಂದುವರಿಸುತ್ತಿದ್ದೆ. ಖಾಲಿ ಬಾಟಲಿ ಅಪಾರ್ಟ್‌ಮೆಂಟಿನ ಡಬ್ಬಕ್ಕೆ ಹಾಕಲು ನಾಚಿಕೆ, ಅದಕ್ಕೆ ಆಫೀಸಿನ ದಾರಿಯ ಗ್ಯಾಸ್ ಸ್ಟೇಷನ್‌ನಲ್ಲಿ ಎಸೆಯುತ್ತಿದ್ದೆ. ನಿಮ್ಮದೂ ಹೀಗೇ ಇದ್ದರೆ ಮುಂದೆ ಓದಿ.

ಮೊದಲು ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಹಟ ಹಿಡಿದು ಒಂದೇ ಸಲ ನಿಲ್ಲಿಸಬೇಡಿ. ಕೈ ನಡುಕ, ಬೆವರು ಶುರುವಾಗಿ ಫಿಟ್ಸ್ ಬರುವವರೆಗೂ ಹೋಗಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರಿಗೆ ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸಲು ಶುರುವಾದರೆ 911ಕ್ಕೆ ಫೋನ್ ಮಾಡಿ.

ಇನ್ನು ಮೀಟಿಂಗ್ ವಿಷಯ, ಅಂದರೆ ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವುದು. ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ, 1935ರಲ್ಲಿ ಒಹಾಯೋದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಮಾತಾಡಿಕೊಂಡದ್ದರಿಂದ ಶುರುವಾಯಿತು. ಒಬ್ಬ ಷೇರು ಪೇಟೆಯವನು, ಇನ್ನೊಬ್ಬ ಸರ್ಜನ್. ಇವತ್ತಿಗೂ ನಡೆಯುವುದು ಅದೇ. ಫೋನಿನಲ್ಲಿ 'ಮೀಟಿಂಗ್ ಗೈಡ್' ಅನ್ನುವ ಉಚಿತ ಆ್ಯಪ್ ಹಾಕಿಕೊಳ್ಳಿ, ಅದು ಎಎ ಸಂಸ್ಥೆಯದ್ದೇ. ಹತ್ತಿರದ ಮೀಟಿಂಗ್‌ಗಳು, ಹೊತ್ತು, ಜಾಗ ಎಲ್ಲ ತೋರಿಸುತ್ತದೆ. 'ಓಪನ್' ಅಂತಿದ್ದರೆ ಯಾರು ಬೇಕಾದರೂ ಹೋಗಬಹುದು, ಹೆಂಡತಿಯನ್ನೋ ಗೆಳೆಯನನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. 'ಕ್ಲೋಸ್ಡ್' ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಹೆಂಗಸರಿಗೇ ಅಂತ ಬೇರೆ ಮೀಟಿಂಗ್‌ಗಳೂ ಇವೆ. ನಮ್ಮಲ್ಲಿ ಹೆಂಗಸರು ಕುಡಿಯುವುದೇ ಇಲ್ಲ ಅಂತ ನಟಿಸುತ್ತೇವೆ, ಅದರ ಕಷ್ಟ ಪಡುವವರು ಅವರೇ.

ಹೊಸಬರು ನನ್ನನ್ನು ಮೊದಲು ಕೇಳುವುದು ಒಂದೇ: ನಮ್ಮವರು ಯಾರಾದರೂ ನೋಡಿಬಿಟ್ಟರೆ? ಅಷ್ಟು ಭಯ ಇದ್ದರೆ ಎರಡು ಊರು ಆಚೆಯ ಮೀಟಿಂಗ್ ಹಿಡಿಯಿರಿ. ನಾನು ಹಾಗೇ ಮಾಡಿದೆ, ಮೂರನೇ ವಾರ ಕನ್ನಡ ಕೂಟದ ಒಬ್ಬರು ಎದುರು ಕುರ್ಚಿಯಲ್ಲೇ ಕೂತಿದ್ದರು! ಇಬ್ಬರೂ ನೆಲ ನೋಡಿದೆವು. ಅವರು ಬಂದದ್ದೂ ನಾನು ಬಂದ ಕಾರಣಕ್ಕೇ ಅಲ್ವಾ? ಆಮೇಲೆ ಒಂದೇ ಕಾರಿನಲ್ಲಿ ಹೋಗತೊಡಗಿದೆವು.

ಎರಡನೇ ಭಯ ವೀಸಾದ್ದು. ಎಎಯಲ್ಲಿ ಹಾಜರಿ ಪುಸ್ತಕ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಎಚ್-1ಬಿ ಕೆಲಸದ ವೀಸಾದವರು ಹೆದರಬೇಕಾದ್ದು ಕುಡಿದು ಕಾರು ಓಡಿಸುವುದಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡವರಿಗೆ ರಕ್ತದಲ್ಲಿ ಆಲ್ಕೊಹಾಲಿನ ಮಿತಿ 0.08%. ಆ ಕೇಸಿನಲ್ಲಿ ಅರೆಸ್ಟ್ ಆದರೇ ಸಾಕು, ತೀರ್ಪಿಗೆ ಮುಂಚೆಯೇ ವೀಸಾ ರದ್ದಾಗಬಹುದು.

ಒಳಗೆ ಏನಿರುತ್ತದೆ? ಬಹಳ ಸಲ ಚರ್ಚಿನ ನೆಲಮಾಳಿಗೆ, ಮಡಿಸುವ ಕುರ್ಚಿಗಳು, ನೀರು ನೀರು ಕಾಫಿ. ನಮ್ಮ ಫಿಲ್ಟರ್ ಕಾಫಿ ನೆನೆಸಿಕೊಳ್ಳಬೇಡಿ. ಜಾಗ ಬಾಡಿಗೆಗೆ ಅಷ್ಟೇ, ಯಾರೂ ಮತಾಂತರ ಮಾಡುವುದಿಲ್ಲ. ಕೊನೆಗೆ ಕೆಲವು ಕಡೆ ಕೈ ಹಿಡಿದು ಒಂದು ಪ್ರಾರ್ಥನೆ ಹೇಳುತ್ತಾರೆ, ನೀವು ಸುಮ್ನೆ ನಿಂತರೆ ಸಾಕು. ದೇವರ ಮಾತೇ ಬೇಡ ಅನ್ನುವವರಿಗೆ ಸೆಕ್ಯುಲರ್ ಮೀಟಿಂಗ್‌ಗಳಿವೆ, ಎಎಗೆ ಸಂಬಂಧ ಇಲ್ಲದ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಗುಂಪೂ ಇದೆ. ಬುಟ್ಟಿ ಬರುತ್ತದೆ, ಮಂಗಳಾರತಿ ತಟ್ಟೆಯ ಹಾಗೆ. ಜನ ಒಂದೆರಡು ಡಾಲರ್ ಹಾಕುತ್ತಾರೆ, ಹೊಸಬರು ಹಾಕಬೇಕಿಲ್ಲ. ನಿಮ್ಮ ಸರದಿ ಬಂದಾಗ ಮಾತು ಬೇಡವಾದರೆ "ಐ ಪಾಸ್" ಅನ್ನಿ, ಯಾರೂ ತಿರುಗಿ ನೋಡುವುದಿಲ್ಲ. ಮಾತಾಡಿದರೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಮ್ಮ ನೆಂಟರ ನಡುವೆ ಬೆಳೆದವನಿಗೆ ಇದೇ ದೊಡ್ಡ ಆಶ್ಚರ್ಯ.

ನನ್ನ ಕಷ್ಟ ಭಾಷೆಯದ್ದಾಗಿತ್ತು. ಆಫೀಸಿನಲ್ಲಿ ಇಂಗ್ಲಿಷ್ ಸರಾಗ. ಆದರೆ ಅಪ್ಪನ ತಿಥಿಗೆ ಕುಡಿದುಕೊಂಡೇ ಹೋಗಿದ್ದೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? 'ತಿಥಿ'ಯನ್ನು ಹಾಗೇ ಹೇಳಿದೆ, ಅವರಿಗೆ ಅರ್ಥವಾಯಿತು. ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಕನ್ನಡದ ಎಎ ಮೀಟಿಂಗ್‌ಗೆ ಹೋಗಿ, ಒಂದು ಗಂಟೆ ಹೊಟ್ಟೆಯೊಳಗಿನದ್ದೆಲ್ಲ ಹೇಳಿಕೊಂಡೆ. ಚಿಕಿತ್ಸೆಯೂ ಬೇಕಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಒಂದು ವಿಭಾಗ ಇದೆ.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ, ನೀವು ಬಿಟ್ಟರೂ ಬಿಡದಿದ್ದರೂ ಅವರು ಹೋಗಬಹುದು.

ನಾನು ಮೊದಲ ಸಲ ಕಾರಿನಲ್ಲೇ ಇಪ್ಪತ್ತು ನಿಮಿಷ ಕೂತು ವಾಪಸ್ ಬಂದೆ. ಬಾಗಿಲ ಬಳಿ ಸಿಗರೇಟು ಸೇದುತ್ತಿದ್ದವರು ಜೋರಾಗಿ ನಗುತ್ತಿದ್ದರು, ಜಾಗ ತಪ್ಪಿದೆ ಅಂದುಕೊಂಡೆ. ಮುಂದಿನ ವಾರ ಬೇಗ ಹೋದೆ. ಒಬ್ಬ ಮುದುಕ ಕಾಫಿ ಕೊಟ್ಟ, ನನ್ನ ಕೈ ನೋಡಿ ಅರ್ಧ ಲೋಟ ಮಾತ್ರ. ಆಮೇಲೆ ಕುರ್ಚಿಗಳ ಕಡೆ ಕೈ ತೋರಿಸಿದ. ನೀವೂ ಹತ್ತು ನಿಮಿಷ ಮುಂಚೆ ಹೋಗಿ. ಕುರ್ಚಿ ಹಾಕುತ್ತಿರುವವರ ಹತ್ತಿರ ಮಾತೂ ಆಡಬೇಕಿಲ್ಲ.