ಓಜೋನ್ ರಂಧ್ರದ ಗ್ರಾಫ್ ಎಳೆಯುವ ಬಗೆ

ಸೆಪ್ಟೆಂಬರ್ 16 ಬಂತೆಂದರೆ ಶಾಲೆಗಳಲ್ಲಿ ಓಜೋನ್ ದಿನದ ಭಾಷಣಗಳು. ಕೇಳಿ ಕೇಳಿ ನನಗೆ ಸಾಕಾಗಿದೆ. ಒಂಬತ್ತನೆಯ ತರಗತಿಯವರ ಕೈಗೆ ನಾನು ಅಂದು ಗ್ರಾಫ್ ಹಾಳೆ ಕೊಡುತ್ತೇನೆ.

ನಾಸಾದ ಓಜೋನ್ ವಾಚ್ ತಾಣದಲ್ಲಿ 1979ರಿಂದ ಈಚಿನ ವಾರ್ಷಿಕ ಪಟ್ಟಿಯಿದೆ. ಅಂಟಾರ್ಕ್ಟಿಕದ ಮೇಲಿನ ರಂಧ್ರದ ಸರಾಸರಿ ವಿಸ್ತಾರವನ್ನು ಮಾತ್ರ ಬರೆದುಕೊಳ್ಳಿ. ರಂಧ್ರವೆಂದರೆ ತೂತಲ್ಲ, ಓಜೋನ್ 220 ಡಾಬ್ಸನ್ ಮಾನಕ್ಕಿಂತ ಕಡಿಮೆಯಿರುವ ಪ್ರದೇಶ. ತಲೆಯ ಮೇಲಿನ ಅಷ್ಟೂ ಓಜೋನನ್ನು ಸೊನ್ನೆ ಡಿಗ್ರಿಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ ಹಾಸಿದರೆ ಆಗುವ ದಪ್ಪ ಅದು: 220 ಎಂದರೆ ಬರೀ 2.2 ಮಿಲಿಮೀಟರ್. ಸ್ಕೇಲಿನಲ್ಲಿ ತೋರಿಸಿ, ಮಕ್ಕಳು ನಂಬುವುದಿಲ್ಲ.

ಅಡ್ಡ ಅಕ್ಷದಲ್ಲಿ ವರ್ಷ. ಬಲಗಡೆ 2066ರವರೆಗೆ ಜಾಗವಿರಲಿ. ಅಂಟಾರ್ಕ್ಟಿಕದ ಓಜೋನ್ 1980ರ ಮಟ್ಟಕ್ಕೆ ಮರಳುವುದು ಆ ಸುಮಾರಿಗೆ ಎಂದು 2022ರ ಅಂತರರಾಷ್ಟ್ರೀಯ ವರದಿಯ ಅಂದಾಜು. 1995ಕ್ಕೆ ಅಂಕಿಯಿಲ್ಲ. ಓಜೋನ್ ಅಳೆಯುತ್ತಿದ್ದ ಹಳೆಯ ಉಪಗ್ರಹ ಉಪಕರಣ 1994ರ ಕೊನೆಗೆ ನಿಂತಿತು, ಹೊಸದು ಮೇಲೇರಿದ್ದು 1996ರಲ್ಲಿ. ಅಲ್ಲಿ ಸೊನ್ನೆ ಹಾಕಬೇಡಿ, ಖಾಲಿ ಬಿಡಿ.

2006ರಲ್ಲಿ ವಿಸ್ತಾರ 2.66 ಕೋಟಿ ಚದರ ಕಿಲೋಮೀಟರ್, ಎಂಟು ಭಾರತಗಳಷ್ಟು. 2019ರಲ್ಲಿ 93 ಲಕ್ಷ ಮಾತ್ರ. 2002ರಲ್ಲೂ ಹೀಗೆಯೇ ದಿಢೀರ್ ಇಳಿಕೆ. "ಸರಿಹೋಯಿತು ಸಾರ್!" ಎಂದು ತರಗತಿ ಕೂಗುವುದು ಇಲ್ಲೇ. ಆ ಎರಡು ವರ್ಷ ಧ್ರುವದ ಮೇಲಿನ ಸಮೋಷ್ಣ ಮಂಡಲ, ಅಂದರೆ ಓಜೋನ್ ಇರುವ ವಾಯುಪದರ, ಇದ್ದಕ್ಕಿದ್ದಂತೆ ಬಿಸಿಯಾಗಿತ್ತು. ಕ್ಲೋರಿನ್‌ಗೆ ಓಜೋನ್ ಕಡಿಯುವ ಬಲ ಬರುವುದು ಅತಿ ಶೀತದಲ್ಲಿ ಕಟ್ಟುವ ಹಿಮಮೋಡಗಳ ಮೇಲೆ. ಬಿಸಿಗೆ ಅವು ಕರಗಿದವು, ಅಷ್ಟೇ. ಅದಕ್ಕಾಗಿಯೇ ಐದೈದು ವರ್ಷದ ಸರಾಸರಿ ತೆಗೆದು ಇನ್ನೊಂದು ಬಣ್ಣದಲ್ಲಿ ಗುರುತಿಸಿ. ಈ ತುದಿಯಿಂದ ಆ ತುದಿಗೆ ಒಂದೇ ಸರಳರೇಖೆ ಎಳೆಯುವುದು ಶುದ್ಧ ಸುಳ್ಳು. 2000ದ ಆಸುಪಾಸಿನವರೆಗೆ ಏರು, ಅಲ್ಲಿಂದ ಬಲು ನಿಧಾನದ ಇಳಿಜಾರು: ಎರಡು ಗೆರೆ ಬೇಕು.

ಅದರ ಕೆಳಗೆ, ಅದೇ ವರ್ಷಗಳಿಗೆ, ಅಮೆರಿಕದ ಹವಾಮಾನ ಸಂಸ್ಥೆ ನೋವಾ ಅಳೆಯುವ ಸಿಎಫ್‌ಸಿ-11ರ ಪ್ರಮಾಣವನ್ನು ಬರೆಯಿರಿ. ಓಜೋನ್ ಕಡಿಯುವ ಕ್ಲೋರಿನ್ಅನ್ನು ಮೇಲಕ್ಕೊಯ್ಯುವ ಮಾನವನಿರ್ಮಿತ ಅನಿಲಗಳಲ್ಲಿ ಇದೂ ಒಂದು. ನನಗೆ ಹೆಚ್ಚು ಇಷ್ಟವಾದ ಭಾಗವಿದು. ಈ ಅನಿಲದ ಆಯುಸ್ಸು ಸುಮಾರು 50 ವರ್ಷ. 1990ರ ದಶಕದ ನಡುವೆ ಶಿಖರ ಮುಟ್ಟಿ ಮೆಲ್ಲಗೆ ಇಳಿಯುತ್ತಿದೆ. 2002ರಿಂದ 2012ರವರೆಗಿನ ಇಳಿಜಾರಿಗೆ ಸ್ಕೇಲ್ ಇಟ್ಟು ಗೆರೆಯನ್ನು ಮುಂದಕ್ಕೆಳೆಯಿರಿ. ಆಮೇಲಿನ ಚುಕ್ಕಿಗಳು ಗೆರೆಯಿಂದ ಮೇಲೆದ್ದಿರುತ್ತವೆ. ಯಾಕೆಂದು ಮಕ್ಕಳನ್ನೇ ಕೇಳಿ, ಅವಸರಪಡಿಸಬೇಡಿ. ನಿಷೇಧಿತ ಅನಿಲವನ್ನು ಯಾರೋ ಮತ್ತೆ ತಯಾರಿಸುತ್ತಿದ್ದಾರೆಂದು ವಿಜ್ಞಾನಿಗಳು 2018ರಲ್ಲಿ ಹೇಳಿದ್ದು ಇದೇ ಬಾಗನ್ನು ನೋಡಿ. ಆ ಹೆಚ್ಚಳದ ದೊಡ್ಡ ಪಾಲು ಪೂರ್ವ ಚೀನಾದಿಂದ ಬಂದದ್ದೆಂದು ಮರುವರ್ಷ ಪತ್ತೆಯಾಯಿತು.